ಹದಿನೇಳನೇ ಮೆತ್ತೆ

"ವರ್ನನ್, ಆ ಹದಿನೇಳನೇ ಮೆತ್ತೆ ನಂಗೆ ಕೊಡಿ," ಎಂದಳು ಯೋಲಾಂಡಾ.

ಒಳಾಂಗಣದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ ಟೊಲಿಡೊ ಹಾರ್ನೆಟ್ಸ್ ತಂಡ ಮುಚ್ಚಿಹೋಗಿತ್ತು. ಆಟಗಾರರಿಗೆ ಪೆಟ್ಟಾಗದಂತೆ ಮೈದಾನದ ಸುತ್ತುಗೋಡೆಗೆ ತಾನೇ ಕಟ್ಟಿದ್ದ ಮೆತ್ತೆಗಳನ್ನು ವರ್ನನ್ ಬಿಚ್ಚುತ್ತಿದ್ದ. ಯೋಲಾಂಡಾಳ ಗಂಡ ಲಮಾಂಟ್ ತನ್ನ ಕೊನೆಯ ಪಂದ್ಯದಲ್ಲಿ ಚೆಂಡು ಹಿಡಿದು ಟಚ್‌ಡೌನ್ ಅಂಕ ಗಳಿಸಿದ ರಭಸಕ್ಕೆ ತಲೆ ಅಪ್ಪಳಿಸಿಕೊಂಡದ್ದು ಹದಿನೇಳಕ್ಕೆ.

"ಅವನಿಗೀಗ ಕತ್ತಿನ ಕೆಳಗೆ ಏನೂ ಅಲ್ಲಾಡಲ್ಲ, ಬಾಯಿ ಮಾತ್ರ ಸುಮ್ನಿರಲ್ಲ. 'ನನ್ನ ಕೊನೇ ಟಚ್‌ಡೌನ್ ಅದು, ತಂದ್ಬಿಡು' ಅಂತಾನೆ," ಎಂದು ನಕ್ಕಳು.

ವರ್ನನ್ ನಗಲಿಲ್ಲ. ಆ ಪಂದ್ಯದ ಬೆಳಗ್ಗೆ, ಜಾಹೀರಾತಿನ ಮೆತ್ತೆಯೊಂದು ಟಿವಿಯಲ್ಲಿ ಜೋತುಬಿದ್ದಂತೆ ಕಾಣಬಾರದೆಂದು ಹದಿನೇಳರ ಸ್ಪಂಜು ಕಿತ್ತು ಅದಕ್ಕೆ ತುಂಬಿದ್ದ. ಹದಿನೇಳಕ್ಕೆ ಹಳೆಯ ಜೆರ್ಸಿಗಳನ್ನು ತುರುಕಿದ್ದ.

ಅವಳು ಮೆತ್ತೆಯನ್ನು ಅವುಚಿಕೊಂಡು ಎತ್ತಿದಳು. ಹೊಲಿಗೆ ಬಿಚ್ಚಿ ಜೆರ್ಸಿಯೊಂದು ಕೆಳಗೆ ಬಿತ್ತು. ಮೊಣಕೈವರೆಗೆ ಒಳಗೆ ಕೈ ಹಾಕಿ ತಡಕಾಡಿದಳು.

"ಸ್ಪಂಜೆಲ್ಲಿ, ವರ್ನನ್?"