ಕೆಟಲ್ ಕೆರೆಯ ದಾರಿ

ಡೆಲ್ಮರ್ ಬಾಗಿಲು ತಳ್ಳಿಕೊಂಡು ಒಳಗೆ ಬರುವಷ್ಟರಲ್ಲಿ ರಾಯ್ಸ್ ನಕ್ಷೆಯನ್ನು ಮಡಚಿ ಅದರ ಮೇಲೆ ಕುಳಿತುಬಿಟ್ಟಿದ್ದ.

ಅಡುಗೆಮನೆಯ ಮೇಜಿನ ತುಂಬ ಸಾಮಾನು. ಗುಡಾರ, ಕಬ್ಬಿಣದ ಬಾಣಲೆ, ಜೋಳದ ಹಿಟ್ಟು, ಕಾಫಿಪುಡಿ, ಊಟದ ಚೀಲ ಕರಡಿಗೆ ಎಟುಕದಂತೆ ಮರಕ್ಕೆ ತೂಗುಹಾಕಲು ಹಗ್ಗ. ಮೇಜಿನ ತುದಿಯಲ್ಲಿ ರಾಯ್ಸ್‌ನ ಹೆಂಡತಿ ಆರ್ಡಿಸ್ ಗಾಳದ ಕೊಕ್ಕೆಗೆ ಜಿಂಕೆಯ ರೋಮ ಸುತ್ತಿ ಹುಸಿ ಹುಳು ಕಟ್ಟುತ್ತಿದ್ದಳು. ಟ್ರೌಟ್ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕಬೇಕು. ಈ ಸಲ ರಾಯ್ಸ್ ಕೇಳಿದ್ದು ಮಿಡತೆ ಗಾತ್ರದವು.

"ಎಲ್ಲಿಗಪ್ಪಾ ಸವಾರಿ?" ಡೆಲ್ಮರ್ ಕೇಳಿದ. ಕಾಡಿನಲ್ಲಿ ತಪ್ಪಿಸಿಕೊಂಡವರನ್ನು ಹುಡುಕುವ ತಂಡಕ್ಕೆ ಅವನೇ ಮುಂದಾಳು. "ಹೇಳಿ ಹೋಗು ಮಾರಾಯ. ಆಮೇಲೆ ನಿನ್ನ ಹೆಣ ಹುಡುಕೋ ಕೆಲಸ ನಂದೇ."

"ನಿಮ್ಮನೆ ಬಚ್ಚಲಿಗೆ. ಅಲ್ಲಿ ಒಳ್ಳೊಳ್ಳೆ ಮೀನಿದಾವಂತೆ."

ಮೊಂಟಾನಾದ ಆ ಕಣಿವೆಯಲ್ಲಿ ಮೀನು ಸಿಗುವ ನೀರಿನ ಹೆಸರನ್ನು ಯಾರೂ ನಿಜ ಹೇಳುವುದಿಲ್ಲ.

"ಹೆಂಡ್ತಿಗಾದ್ರೂ ಹೇಳಿದೀಯಾ?"

"ಇವಳಿಗಾ?" ರಾಯ್ಸ್ ನಕ್ಕ. "ಹೋದ ವರ್ಷ ನನ್ನ ಜೊತೆ ಬಂದಿದ್ದ ನಾಯಿ ತಪ್ಪಿಸ್ಕೊಳ್ತಲ್ಲ, ಎಲ್ಲಿ ಎಲ್ಲಿ ಅಂತ ನನ್ನ ಪ್ರಾಣ ತಿಂದ್ಲು. ಕೆಟಲ್ ಕೆರೆ ಅಂದ್ಬಿಟ್ಟೆ. ನಿಜ ಹೇಳಿದ್ರೆ ಊರೋರನ್ನೆಲ್ಲ ಕಟ್ಕೊಂಡು ನನ್ನ ಜಾಗಕ್ಕೇ ಬರ್ತಿದ್ಲು. ಅಲ್ಲಿ ಕೆರೆ ಸುತ್ತ 'ಪೆಪ್ಪರ್, ಪೆಪ್ಪರ್' ಅಂತ ಗಂಟಲು ಹರ್ಕೊಂಡಿದ್ದೇ ಬಂತು ಕಣೋ!"

ಡೆಲ್ಮರ್ ನಗಲಿಲ್ಲ. ಆರ್ಡಿಸ್ ಈ ಸತ್ಯ ಕೇಳಿದ್ದು ಅದೇ ಮೊದಲು. ಅವಳು ದಾರ ಬಿಗಿದು, ಗಂಟು ಹಾಕಿ, ಕತ್ತರಿಸಿದಳು.

"ಇನ್ನೂ ಬೇಕಾ?" ಎಂದಳು.

"ಕಟ್ಟು, ಕಟ್ಟು."

ಮರುದಿನ ಹೊರಡುವಾಗ ರಾಯ್ಸ್ ಅವಳ ಗಲ್ಲ ಹಿಂಡಿದ. "ಮುಖ ಊದಿಸ್ಕೋಬೇಡ. ಈ ಸಲ ನಿಜವಾಗ್ಲೂ ಕೆಟಲ್ ಕೆರೆಗೇ. ನಿನ್ನಾಣೆ."

"ಸರಿ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳ್ತೀನಿ."

ವಾಪಸ್ ಬರುತ್ತೇನೆ ಎಂದಿದ್ದ ದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆರ್ಡಿಸ್ ಡೆಲ್ಮರ್‌ಗೆ ಫೋನ್ ಮಾಡಿದಳು.

"ಕೆಟಲ್ ಕೆರೆನಾ?" ಡೆಲ್ಮರ್ ತಲೆ ಕೆರೆದುಕೊಂಡ. "ಅಲ್ಲಿನ ಮೀನು ಸೊಳ್ಳೆಗಿಂತ ದೊಡ್ಡದಕ್ಕೆ ಬಾಯಿ ಹಾಕಲ್ಲಮ್ಮ. ನೀನು ಕಟ್ಟಿದ್ದು ಮಿಡತೆ ಗಾತ್ರದ್ದು, ನೋಡಿದ್ನಲ್ಲ. ಅಷ್ಟು ದೊಡ್ಡದಕ್ಕೆ ಬಾಯಿ ಹಾಕೋ ಮೀನಿರೋದು ಪಶ್ಚಿಮದ ದಿಣ್ಣೆಯಾಚೆ. ನಂಗ್ಯಾಕೋ ಅವನು ಪಶ್ಚಿಮಕ್ಕೆ ಹೋಗಿದಾನೆ ಅನ್ಸುತ್ತೆ."

"ಆಣೆ ಇಟ್ಟು ಹೇಳಿದಾರೆ."

"ನಾಯಿ ವಿಷಯದಲ್ಲಿ ಸುಳ್ಳು ಹೇಳಿರ್ಲಿಲ್ವಾ?"

"ನಾಯಿ ಬೇರೆ, ಹೆಂಡ್ತಿ ಬೇರೆ ಅಲ್ವಾ ಡೆಲ್ಮರ್?"

ಡೆಲ್ಮರ್ ಫೋನಿಟ್ಟು ತಂಡವನ್ನು ಕರೆಸಿದ. ಇದ್ದವರೇ ನಾಲ್ಕು ಜನ. ಎರಡು ದಿಕ್ಕಿಗೆ ಹಂಚುವಂತಿರಲಿಲ್ಲ. ಕುದುರೆಗಳು ಪೂರ್ವಕ್ಕೆ, ಕೆಟಲ್ ಕೆರೆಗೆ ಹೋದವು. ದಡವನ್ನೆಲ್ಲ ಜಾಲಾಡಿದರು. ಕೊಕ್ಕೆ ಇಳಿಬಿಟ್ಟು ನೀರಿನ ತಳವನ್ನೂ ಕೆದಕಿದರು. ಆರ್ಡಿಸ್ ಅವರಿಗೆ ರೊಟ್ಟಿ ಸುಟ್ಟು ಕಳಿಸಿದಳು. ಡೆಲ್ಮರ್ ಪಶ್ಚಿಮದ ಮಾತೆತ್ತಿದಾಗಲೆಲ್ಲ, "ಇನ್ನೊಂದು ದಿನ ಅಲ್ಲೇ ನೋಡಿ," ಎಂದು ಬೇಡಿಕೊಂಡಳು. ಪಾಪ, ಈಗಲೂ ಆ ಸುಳ್ಳುಗಾರನನ್ನು ನಂಬಿಕೊಂಡಿದಾಳೆ ಎಂದು ಜನ ಮರುಗಿದರು.

ಕೊನೆಗೊಂದು ಬೆಳಿಗ್ಗೆ ಡೆಲ್ಮರ್ ಟೊಪ್ಪಿ ಕೈಯಲ್ಲಿ ಹಿಡಿದು ಬಂದು ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು.

"ಇವತ್ತಾದ್ರೂ ಒಪ್ಕೊಳಮ್ಮ. ಕೆಟಲ್ ಕೆರೇಲಿ ಅವನಿಲ್ಲ. ನಿನ್ನ ಮಾತು ಮೀರಿ ಹೋಗೋಕೆ ನಂಗೆ ಮನಸ್ಸಿಲ್ಲ. ಆದ್ರೆ ಈಗ ಹೊರಟ್ರೆ ಜೀವಂತ ಸಿಕ್ರೂ ಸಿಗಬಹುದು."

"ಒಂದ್ನಿಮಿಷ ಕೂತ್ಕೊಳ್ಳಿ."

ಆರ್ಡಿಸ್ ಅಟ್ಟದ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲಿಳಿದು ಬಂದಾಗ ಅವಳ ಮುಖ ಶಾಂತವಾಗಿತ್ತು.

"ಹೋಗಿ. ಪಶ್ಚಿಮಕ್ಕೂ ಹೋಗಿ ನೋಡಿ ಬನ್ನಿ."

ಗಂಡ ತನಗೂ ಸುಳ್ಳು ಹೇಳಿದನೆಂದು ಒಪ್ಪಿಕೊಳ್ಳಲು ಈ ಹುಡುಗಿಗೆ ಎಷ್ಟು ಕಷ್ಟವಾಗಿರಬೇಕು ಎಂದುಕೊಂಡ ಡೆಲ್ಮರ್. ಅವಳ ಕೈ ಅದುಮಿ, ಕಣ್ಣೊರೆಸಿಕೊಂಡು, ಕುದುರೆಗಳತ್ತ ಓಡಿದ.

ಪಶ್ಚಿಮದ ದಿಣ್ಣೆಯಾಚೆ ದಿನವೂ ಬೆಳಗಾಗುತ್ತಲೇ ಏಳುತ್ತಿದ್ದ, ಆ ಅಟ್ಟದ ಕಿಟಕಿಗೆ ಮಾತ್ರ ಕಾಣುತ್ತಿದ್ದ ಎಳೆ ಹೊಗೆ ಅಂದು ಎದ್ದಿರಲಿಲ್ಲ.