ಕಂಬದ ಹಿಂದಿನ ಸೀಟು

ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಜನೀನ್‌ಳ ಕೈ ನಿಂತಿತು. ಬಾಗಿಲು ತಳ್ಳಿಕೊಂಡು ಬಂದ ಅವಳ ಅಪ್ಪ, ಇಂಗ್ಲೆಂಡ್–ಟೊಂಗಾ ರಗ್ಬಿ ಲೀಗ್ ಪಂದ್ಯದ ಟಿಕೆಟ್ಟನ್ನು ಬಾವುಟದಂತೆ ಎತ್ತಿ ಹಿಡಿದಿದ್ದ.

"ನಿನ್ನೆ ಟಿಕೆಟ್ ಕಿಟಕಿ ತೆಗೆಯೋ ಮುಂಚೆನೇ ಹೋಗಿ ನಿಂತಿದ್ದೆ ಕಣೇ! 'ಕೆಲವೇ ಟಿಕೆಟ್ ಉಳಿದಿವೆ' ಅಂತ ವಿಗನ್ ಊರ ತುಂಬಾ ನಿಮ್ಮ ಆಫೀಸಿನೋರೇ ಪೋಸ್ಟರ್ ಹಚ್ಚಿದ್ದಾರಲ್ಲ. ನಡುವಿನ ಸಾಲೆಲ್ಲಾ ಹೋಯ್ತಂತೆ. ನಂಗೆ ಸಿಕ್ಕಿದ್ದು ಕಂಬದ ಹಿಂದೆ. ಹೋಗ್ಲಿ ಬಿಡು, ಕಾಣದಿದ್ದಾಗ ಜನರ ಕೂಗು ಕೇಳಿ ತಿಳ್ಕೋತೀನಿ."

ಪೋಸ್ಟರಿನ ಆ ಸಾಲು ಬರೆದವಳು, ಪಂದ್ಯದ ಟಿಕೆಟ್ ಮಾರಾಟ ನೋಡಿಕೊಳ್ಳುತ್ತಿದ್ದ ಜನೀನೇ. ಮಾರಾಟವಾಗದ ನಡುವಿನ ಸಾಲುಗಳು ಟಿವಿಯಲ್ಲಿ ಖಾಲಿ ಕಾಣಬಾರದೆಂದು ಶಾಲೆಗಳಿಗೆ ಪುಕ್ಕಟೆ ಟಿಕೆಟ್ ಹಂಚಿದವಳೂ ಅವಳೇ. ಹಂಚಿ ಉಳಿದ ಟಿಕೆಟ್ ಕಟ್ಟುಗಳು ಇಸ್ತ್ರಿ ಮೇಜಿನ ಕೆಳಗೆ ಚೀಲದಲ್ಲಿದ್ದವು. ಅವಳು ಅಪ್ಪನ ಮುಖ ನೋಡಲಾರದೆ, ಚೀಲವನ್ನು ಕಾಲಿನಿಂದ ಮೆಲ್ಲಗೆ ಒಳಕ್ಕೆ ಸರಿಸಿದಳು.

ಟೋಸ್ಟ್ ತಿನ್ನುತ್ತಿದ್ದ ಎಂಟು ವರ್ಷದ ಮಗಳು ಎಲ್ಸ್‌ಪೆತ್ ಆ ಕಾಲನ್ನೇ ನೋಡುತ್ತಿದ್ದಳು. ಎದ್ದು, ಶಾಲೆಯಲ್ಲಿ ಕೊಟ್ಟಿದ್ದ ತನ್ನ ಟಿಕೆಟ್ ತಂದು ತಾತನ ಟಿಕೆಟ್ಟಿನ ಪಕ್ಕ ಹಿಡಿದಳು. ಅವಳದು ನಟ್ಟನಡುವಿನ ಸಾಲು.

"ಅಮ್ಮಾ, ನಮ್ಗೆಲ್ಲಾ ಸುಮ್ನೇ ಕೊಟ್ಟೆಯಲ್ಲ, ತಾತನ್ನ ಮಾತ್ರ ಯಾಕೆ ಕಂಬದ ಹಿಂದೆ ಕೂರಿಸ್ದೆ?"