ಓಗೊಡಬೇಡ, ಆಲ್ಟರ್

"ಫೈವಲ್!"

ಮೇಲಿನಿಂದ ಗಂಡಸಿನ ದನಿಯೊಂದು ಹಡಗಿನ ಒಡಲೊಳಗೆ ಇಳಿದುಬಂತು. ಗಿಟ್ಲ್ ಮಗನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

ಹೈಫಾ ಬಂದರು. ಬೇಡಿದ ನೆಲ ಕೈಗೆಟುಕುವಷ್ಟು ಹತ್ತಿರ. ಆದರೆ ಇಂಗ್ಲಿಷ್ ಸಿಪಾಯಿಗಳು ಹಡಗು ಹತ್ತಿದ್ದರು. ಹಡಗಿನ ಯೆಹೂದಿ ನಿರಾಶ್ರಿತರೆಲ್ಲರೂ ಇನ್ನು ಸೈಪ್ರಸ್ಸಿನ ಸೆರೆ ಶಿಬಿರಕ್ಕೆ. ಗಿಟ್ಲ್ ಅದಕ್ಕೆ ಅಳಲಿಲ್ಲ. ಮುಳ್ಳುತಂತಿ ಅವಳಿಗೆ ಹಳೆಯ ನೆಂಟ. ಮಗನೊಬ್ಬ ಉಳಿದರೆ ಸಾಕು.

ನಡುಗಡಲಿನಲ್ಲಿ ಜ್ವರವೇರಿ ಅವನ ಕಣ್ಣಾಲಿ ಮೇಲಾಗಿದ್ದಾಗ, ಪಕ್ಕದ ಹಲಗೆಯ ಹೆನೆ ಅಜ್ಜಿ ಹಿರಿಯರ ಮದ್ದನ್ನೇ ಮಾಡಿಸಿದ್ದಳು. ಹತ್ತು ಗಂಡಸರನ್ನು ಸೇರಿಸಿ, ಪ್ರಾರ್ಥನೆ ಹೇಳಿಸಿ, ಹುಡುಗನ ಹೆಸರನ್ನೇ ಬದಲಿಸಿದಳು. ಫೈವಲ್ ಹೋದ, ಆಲ್ಟರ್ ಬಂದ. ಆಲ್ಟರ್ ಅಂದರೆ ಮುದುಕ.

"ಸಾವಿನ ದೂತ ಫೈವಲ್‌ನ ಹುಡುಕ್ಕೊಂಡು ಬರ್ತಾನೆ. ಇಲ್ಯಾರೋ ಮುದುಕ ಮಲಗಿದಾನೆ ಅಂತ ವಾಪಸ್ ಹೋಗ್ತಾನೆ. ಆದ್ರೆ ಹುಷಾರು ಕಣೇ, ಅವನು ದನಿ ಕದಿಯೋ ಕಳ್ಳ." ಅಜ್ಜಿ ಗಂಟಲು ದಪ್ಪ ಮಾಡಿ, "ಫೈವಲ್, ಬಾರೋ ರಾಜಾ," ಎಂದು ಕರೆದು ತೋರಿಸಿದ್ದಳು. "ಹಳೇ ಹೆಸರಿಗೆ ಒಂದ್ಸಲ ಓಗೊಟ್ಟ ಅಂದ್ರೆ ಮುಗೀತು."

"ನನ್ನ ಹೆಸರೂ ಬದಲಿಸಬೇಕಾ ಅಜ್ಜಿ?" ಗಿಟ್ಲ್ ಕೇಳಿದ್ದಳು.

"ನಿಂದು ಹಾಗೇ ಇರ್ಲಿ ಬಿಡು. ಈ ಮೂಳೆ ಚಕ್ಕಳ ಯಾವ ದೂತನಿಗೆ ಬೇಕು!"

ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು. ಮುದುಕ ಈರುಳ್ಳಿ ಕೇಳಿ ತಿಂದಿದ್ದ.

"ಫೈವಲ್! ಫೈವೆಲೆ!" ಈಗ ಮೇಲಿನಿಂದ ದನಿ ಮತ್ತೆ ಬಂತು.

ಗಿಟ್ಲ್ ಗುರುತಿಸಿದಳು. ಗಂಡ ಶ್ಮೆರಲ್‌ನ ದನಿ. ಅದೇ ಒಡಕು, ಕೊನೆಯಲ್ಲಿ ಅದೇ ಎಳೆತ. ಶ್ಮೆರಲ್‌ನನ್ನು ಕಾಡಿನಲ್ಲಿ ಗುಂಡಿಕ್ಕಿ ಕೊಂದರೆಂಬ ಸುದ್ದಿ ಬಂದಾಗ ಅವಳು ಏಳು ದಿನ ನೆಲದ ಮೇಲೆ ಕುಳಿತು ಶೋಕ ಮಾಡಿ ಎದ್ದಿದ್ದಳು. ದೂತ ಎಷ್ಟು ಚೆನ್ನಾಗಿ ಕಲಿತು ಬಂದಿದ್ದಾನೆ!

"ಅಮ್ಮಾ, ನನ್ನೇ ಕರೀತಿದಾರೆ," ಅವಳ ಬೆರಳುಗಳ ನಡುವೆ ಹುಡುಗ ಪಿಸುಗುಟ್ಟಿದ.

"ನಿನ್ನನ್ನಲ್ಲ. ನೀನು ಯಾರು?"

"ಆಲ್ಟರ್."

"ಜಾಣ."

ಅವನ ತಲೆಯನ್ನು ಎದೆಗೊತ್ತಿ ಎರಡೂ ಕಿವಿ ಮುಚ್ಚಿದಳು. ದನಿ ಮತ್ತೆ ಮತ್ತೆ ಕರೆಯಿತು. ಬೇಡಿಕೊಂಡಿತು. ಬಿಕ್ಕಿತು. ನಿಂತಿತು.

"ಗೆದ್ದೆ ಕಣೇ!" ಅಜ್ಜಿ ತೊಡೆ ತಟ್ಟಿದಳು. ಎಷ್ಟೋ ವರ್ಷಗಳ ಮೇಲೆ ಗಿಟ್ಲ್ ನಕ್ಕಳು.

ಮೇಲೆ, ಡೆಕ್ಕಿನ ಬಾಗಿಲಲ್ಲಿ, ಸಾರ್ಜೆಂಟ್ ಬಂದರಿನ ಹಮಾಲಿಯ ಹೆಗಲು ಮುಟ್ಟಿದ. "ಬಂದ ಹಡಗಿಗೆಲ್ಲಾ ಹತ್ತಿ ಕೂಗ್ತೀಯ. ಮಗ ಸಿಕ್ಕಿದ್ರೆ ಇಳಿಸ್ಕೊಂಡು ಹೋಗು ಅಂದಿದ್ದೆ. ಯಾರೂ ಓಗೊಡ್ಲಿಲ್ಲ. ಹೆಂಡತಿ ಹೆಸರಾದ್ರೂ ಒಂದ್ಸಲ ಕೂಗಿ ನೋಡಯ್ಯ."

ಶ್ಮೆರಲ್ ಕಣ್ಣೊರೆಸಿಕೊಂಡು ತಲೆಯಾಡಿಸಿದ. "ಬೇಡ ಸಾಹೇಬ್ರೇ. ಗಿಟ್ಲ್ ಊರಲ್ಲೇ ತೀರ್ಕೊಂಡ್ಳಂತೆ. ಸತ್ತವರನ್ನ ಹೆಸರು ಹಿಡಿದು ಕರೀಬಾರದು."